ಉತ್ತರವೆರಡಾದಾಗ ನಿರ್ಣಯವೆಂತು?: ಗಣಿತಸಾರಸಂಗ್ರಹದ ಕೆಲವು ಉದಾಹರಣೆಗಳ ವಿಮರ್ಶೆ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಆಳಿಕೆಯ ಕಾಲದಲ್ಲಿ (ಕ್ರಿ. ಶ. ೮೧೪–೮೭೮) ಕರ್ಣಾಟಕದಲ್ಲಿ ಹುಟ್ಟಿದ ಗ್ರಂಥಗಳಲ್ಲಿ ಎರಡು ಚಿರಸ್ಥಾಯಿಯಾಗಿ ನಿಂತಿವೆ. ಒಂದು ಆ ಅರಸನ ಹೆಸರಿನೊಡನೆ ಕೂಡಿದ ಕವಿರಾಜಮಾರ್ಗ. ಮತ್ತೊಂದು ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ. ಮೊದಲನೆಯದರ ಒಂದೊಂದು ಪದಕ್ಕೂ ಪಾಠಾಂತರಕ್ಕೂ ವಿದ್ವಾಂಸರು ಚರ್ಚೆ ನಡೆಸಿದ್ದಾರೆ. ಎರಡನೆಯದು ಗಣಿತಜ್ಞರ ಸೊತ್ತೆಂದು ಸಾಹಿತ್ಯದವರು ಅದನ್ನು ದೂರವಿಟ್ಟರು. ಗಣಿತಜ್ಞರಾದರೋ ಅದರ ಶ್ಲೋಕಗಳನ್ನು ಬೀಜಾಕ್ಷರಗಳ ಸಮೀಕರಣಗಳಾಗಿ ಮಾರ್ಪಡಿಸಿ, ಶ್ಲೋಕವನ್ನು ಹಣ್ಣಿನ ಸಿಪ್ಪೆಯಂತೆ ಬದಿಗಿಟ್ಟರು. ಹೀಗೆ ಈ ಗ್ರಂಥದ ಉದಾಹರಣಶ್ಲೋಕಗಳು ಎರಡು ಮನೆಗಳ ನಡುವೆ ಅನಾಥವಾಗಿವೆ.

ಆನೆ, ನವಿಲು, ತಾವರೆ, ಕಾಡು, ಬೆಟ್ಟ ಇವುಗಳೆಲ್ಲ ಬಾಲಕರ ಮನಸ್ಸನ್ನು ಒಲಿಸುವುದಕ್ಕಾಗಿ ಲೆಕ್ಕಕ್ಕೆ ಹಚ್ಚಿದ ಬಣ್ಣವೆಂಬುದು ಸಾಮಾನ್ಯವಾಗಿ ನಡೆದುಬಂದಿರುವ ಅಭಿಪ್ರಾಯ. ಕೂಡುವ ಕಳೆಯುವ ಲೆಕ್ಕಗಳ ಮಟ್ಟಿಗೆ ಇದು ನಿಜವಿರಬಹುದು. ಆದರೆ ಪೂರ್ಣಾಂಕವನ್ನೇ ಉತ್ತರವಾಗಿ ಬೇಡುವ ವರ್ಗಸಮೀಕರಣದ ಪ್ರಶ್ನೆಗಳಲ್ಲಿ ಈ ಅಭಿಪ್ರಾಯವು ನಿಲ್ಲಲಾರದು. ಅಲ್ಲಿ ಕ್ರಿಯೆಯು ಎರಡು ಸಂಖ್ಯೆಗಳನ್ನು ತಂದು ಮುಂದಿಡುತ್ತದೆ. ಅವುಗಳಲ್ಲಿ ಗ್ರಾಹ್ಯವಾದುದು ಯಾವುದೆಂಬುದನ್ನು ನಿರ್ಣಯಿಸುವುದು ಪ್ರಶ್ನೆಯ ಮಾತು. ಮಾತು ಒಂದಿಷ್ಟು ಬದಲಾದರೆ ಉತ್ತರವೂ ಬದಲಾಗುತ್ತದೆ. ಇದನ್ನು ಕೆಲವು ಉದಾಹರಣೆಗಳಿಂದ ಸ್ಥಾಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕ್ರಿಯೆಯ ಸ್ವರೂಪವನ್ನು ಪರಿಚಿತವಾದ ಒಂದು ವಿಷಯದಿಂದ ತಿಳಿಯಬಹುದು. ನರಸಿಂಹರಾಜಪುರದ ತಾಲ್ಲೂಕಿಗೆ ಸೇರಿದ ಮುತ್ತಿನಕೊಪ್ಪದ ಕಡೆ ಅಡಕೆಯ ತೋಟಗಳುಂಟು. ಅಂಥದೊಂದು ತೋಟವನ್ನು ಕಲ್ಪಿಸಿಕೊಂಡು, ಅದರಲ್ಲಿ ಎಷ್ಟು ಸಾಲುಗಳಿವೆಯೋ ಅದಕ್ಕಿಂತ ಏಳು ಹೆಚ್ಚು ಮರಗಳು ಒಂದೊಂದು ಸಾಲಿನಲ್ಲಿವೆ, ಒಟ್ಟು ಮರಗಳು ೬೩೮, ಸಾಲುಗಳೆಷ್ಟು ಎಂದು ಕೇಳಿದರೆ, ಸಾಲಿನ ಸಂಖ್ಯೆಯ ವರ್ಗಕ್ಕೆ ಅದರ ಏಳ್ಮಡಿಯನ್ನು ಕೂಡಿಸಿದರೆ ೬೩೮ ಆಗಬೇಕೆಂದು ತಾತ್ಪರ್ಯ. ಶ್ರೀಧರಾಚಾರ್ಯನ ಬೀಜಗಣಿತವು ಈಗ ದೊರೆಯದಿದ್ದರೂ ಅವನ ಸೂತ್ರವೊಂದು ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಉಳಿದುಬಂದಿದೆ. ಅದರಂತೆ ಎರಡು ಪಕ್ಷಗಳನ್ನೂ ಇಲ್ಲಿ ನಾಲ್ಕರಿಂದ ಗುಣಿಸಿ, ಏಳರ ವರ್ಗವಾದ ೪೯ನ್ನು ಎರಡು ಕಡೆಗೂ ಕೂಡಿಸಿದರೆ, ಒಂದು ಕಡೆ ೨೬೦೧ ಬರುವುದು. ಇದು ೫೧ರ ವರ್ಗ. ಆದುದರಿಂದ ಸಾಲಿನ ಸಂಖ್ಯೆಯ ಇಮ್ಮಡಿಗೆ ಏಳು ಕೂಡಿದರೆ ೫೧, ಸಾಲುಗಳು ೨೨, ಒಂದೊಂದು ಸಾಲಿನಲ್ಲಿ ಮರಗಳು ೨೯.

ಈ ಕ್ರಿಯೆಯು ಕೇವಲ ಕೈಚಳಕವಲ್ಲ. ಅಂಥ ನಾಲ್ಕು ತೋಟಗಳನ್ನು ಒಂದರ ಉದ್ದವು ಮತ್ತೊಂದರ ಅಗಲಕ್ಕೆ ಹೊಂದುವಂತೆ ಸುತ್ತಲೂ ಜೋಡಿಸಿದರೆ, ನಡುವೆ ಏಳು ಮರದ ಚೌಕವೊಂದು ಬರಿದಾಗಿ ಉಳಿಯುತ್ತದೆ. ಅದನ್ನೂ ತುಂಬಿದರೆ ೫೧ ಮರದ ಪಾರ್ಶ್ವವುಳ್ಳ ದೊಡ್ಡ ಚೌಕವಾಗುತ್ತದೆ. ೫೧ ಎಂಬುದು ೨೨ ಮತ್ತು ೨೯ರ ಮೊತ್ತ. ಮರಗಳು ೬೩೮ಕ್ಕೆ ಬದಲಾಗಿ ೬೪೦ ಎಂದಿದ್ದರೆ ೨೬೦೯ ಬರುವುದು. ಅದು ಯಾವ ಪೂರ್ಣಾಂಕದ ವರ್ಗವೂ ಅಲ್ಲ. ಅಂಥ ತೋಟವೇ ಇರಲಾರದೆಂದು, ಹೋಗಿ ನೋಡದೆಯೇ ಹೇಳಬಹುದು.

ಆದರೆ ೨೬೦೧ಕ್ಕೆ ಋಣಾತ್ಮಕವಾದ ೫೧ ಕೂಡ ವರ್ಗಮೂಲವೇ. ಅದನ್ನು ಹಿಡಿದರೆ ಸಾಲುಗಳ ಸಂಖ್ಯೆ ಋಣ ೨೯ ಎಂದು ಬರುವುದು. ಶಾಲೆಗಳಲ್ಲಿ "ಸಾಲುಗಳು ಋಣವಾಗಲಾರವು" ಎಂದು ಇದನ್ನು ಹೊಡೆದುಹಾಕಿ ಮುಂದೆ ಹೋಗುವುದು ವಾಡಿಕೆ. ಹೊಡೆದುಹಾಕುವುದು ಸರಿಯೇ, ಆದರೆ ಈ ೨೯ ಎಲ್ಲಿಂದ ಬಂದಿತೆಂದು ಕೇಳದಿರುವುದು ಸರಿಯಲ್ಲ. ಪ್ರಶ್ನೆಯಲ್ಲಿ "ಏಳು ಹೆಚ್ಚು" ಎಂಬಲ್ಲಿ "ಏಳು ಕಡಿಮೆ" ಎಂದಿದ್ದರೆ ಸಾಲುಗಳು ೨೯ ಎಂಬುದೇ ಉತ್ತರವಾಗಿ, ೨೨ ಎಂಬುದು ಋಣವಾಗುತ್ತಿತ್ತು. ಎಂದರೆ, ತ್ಯಜಿಸಿದ ಬೆಲೆಯು ಕಸವಲ್ಲ. ಅದು ಮತ್ತೊಂದು ವಾಕ್ಯದ ಉತ್ತರ. ಸಮೀಕರಣವು ಎರಡು ಸೋದರವಾಕ್ಯಗಳನ್ನು ಒಟ್ಟಿಗೆ ಹೊತ್ತಿರುತ್ತದೆ. ಕೇಳಿದುದು ಯಾವ ವಾಕ್ಯವೆಂಬುದನ್ನು ಅದು ತಾನಾಗಿ ಅರಿಯದು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಪ್ರಾಚೀನರ ಉದಾಹರಣೆಗಳಿಗೆ ಬರಬಹುದು.

ಗಣಿತಸಾರಸಂಗ್ರಹವು ಸುಮಾರು ಕ್ರಿ. ಶ. ೮೫೦ರ ಕಾಲದ್ದು. ಸಂಜ್ಞಾಧಿಕಾರವೂ ಸೇರಿದಂತೆ ಒಂಬತ್ತು ಅಧ್ಯಾಯಗಳುಳ್ಳ ಈ ಗ್ರಂಥಕ್ಕೆ ವಲ್ಲಭನೆಂಬವನ ಕನ್ನಡ ಟೀಕೆಯುಂಟು. ೧೯೧೨ರಲ್ಲಿ ಪ್ರೊ. ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಇದನ್ನು ಪ್ರಕಟಿಸಿದರು. ೨೦೦೦ದಲ್ಲಿ ಹೊಂಬುಜದ ಗ್ರಂಥಮಾಲೆಯಿಂದ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊರಬಂದಿತು. ಗ್ರಂಥಕಾರನು ಸೂತ್ರವನ್ನು ಹೇಳಿ ಉದಾಹರಣೆಯನ್ನು ಕೊಡುವನೇ ಹೊರತು, ಉತ್ತರವನ್ನು ವಿವರಿಸುತ್ತ ಕೂಡುವುದಿಲ್ಲ. ಆದುದರಿಂದ ಶ್ಲೋಕದ ಅರ್ಥನಿರ್ಣಯವೇ ಉತ್ತರಕ್ಕೆ ಏಕಮಾತ್ರ ದಾರಿ.

ಪ್ರಕೀರ್ಣಕವ್ಯವಹಾರದಲ್ಲಿ ಬರುವ ಸರಳವಾದ ಉದಾಹರಣೆಯೊಂದು ಒಂಟೆಗಳದು. ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಇಮ್ಮಡಿಯಷ್ಟು ಬೆಟ್ಟದ ತಪ್ಪಲಿಗೆ ಹೋಗಿದ್ದವು. ಹದಿನೈದು ಒಂಟೆಗಳು ಹೊಳೆಯ ದಡದಲ್ಲಿ ಉಳಿದವು. ಉತ್ತರ ೩೬. ಒಂಬತ್ತು ಕಾಡಿನಲ್ಲಿ, ಹನ್ನೆರಡು ತಪ್ಪಲಿನಲ್ಲಿ, ಹದಿನೈದು ದಡದಲ್ಲಿ. ಇಲ್ಲಿ ಮತ್ತೊಂದು ಬೆಲೆಯು ಹಿಂಡನ್ನು ೧೦೦/೯ ಎಂದು, ಅದರ ವರ್ಗಮೂಲವನ್ನು ಋಣ ೧೦/೩ ಎಂದು ಹೇಳುವುದು. ಹನ್ನೊಂದು ಒಂಟೆಗಳೂ ಮತ್ತೊಂದರ ಒಂಬತ್ತನೆಯ ಒಂದು ಭಾಗವೂ ಎಂಬ ಹಿಂಡು ಲೋಕದಲ್ಲಿಲ್ಲವಾದುದರಿಂದ ಈ ಬೆಲೆ ತಾನಾಗಿ ಬಿದ್ದುಹೋಗುತ್ತದೆ. ಇದನ್ನು ವಸ್ತುವಿನಿಂದಾಗುವ ನಿರ್ಣಯವೆನ್ನಬಹುದು. ಒಂಟೆಯು ಅವಿಭಾಜ್ಯವಾದ ವಸ್ತು. ಪೂರ್ಣಾಂಕವಲ್ಲದ ಬೆಲೆಯನ್ನು ಅದು ಸಹಿಸದು.

ಎಲ್ಲೆಡೆಯಲ್ಲಿಯೂ ವಸ್ತುವೇ ನಿರ್ಣಾಯಕವಾಗುವುದಾಗಿದ್ದರೆ ಪಂಡಿತರಿಗೆ ಇಲ್ಲಿ ಕೆಲಸವಿರುತ್ತಿರಲಿಲ್ಲ. ಅದೇ ಅಧ್ಯಾಯದ ಭಾಗಸಂವರ್ಗವೆಂಬ ಜಾತಿಯ ನವಿಲುಗಳ ಉದಾಹರಣೆಯನ್ನು ನೋಡತಕ್ಕದ್ದು. ನವಿಲುಗಳ ಗುಂಪಿನ ಹದಿನಾರನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿದಷ್ಟು ಮಾವಿನ ಮರದ ಮೇಲೆ ಇದ್ದವು, ಉಳಿದುದರ ಒಂಬತ್ತನೆಯ ಒಂದು ಭಾಗವನ್ನು ಅದರಿಂದಲೇ ಗುಣಿಸಿದಷ್ಟೂ, ಮತ್ತೆ ಹದಿನಾಲ್ಕೂ ತಮಾಲವನದಲ್ಲಿ ಇದ್ದವು, ಒಟ್ಟು ಎಷ್ಟು? ಪ್ರಶ್ನೆಯ ಕೀಲೆಲ್ಲ "ಉಳಿದುದು" ಎಂಬ ಮಾತಿನಲ್ಲಿದೆ. ಉಳಿದುದು ಯಾವುದರಲ್ಲಿ?

ಒಂದು ಓದಿನಂತೆ, ಹದಿನಾರನೆಯ ಒಂದು ಭಾಗವನ್ನು ಕಳೆದ ಮೇಲೆ ಉಳಿದ ಹದಿನೈದು ಭಾಗಗಳೇ ಶೇಷ. ಹಾಗೆ ಹಿಡಿದರೆ ಉತ್ತರ ೪೮. ಮಾವಿನ ಮರದಲ್ಲಿ ಮೂರರ ವರ್ಗ ೯, ೪೮ರ ಹದಿನೈದು ಭಾಗಗಳು ೪೫, ಅದರ ಒಂಬತ್ತನೆಯ ಒಂದು ಭಾಗ ೫, ವರ್ಗ ೨೫, ಮತ್ತೆ ೧೪. ಮೊತ್ತ ಸರಿಹೋಗುವುದು. ಎರಡನೆಯ ಬೆಲೆ ೩೩೬/೧೭. ಅದು ಪೂರ್ಣಾಂಕವಲ್ಲವಾದುದರಿಂದ ತ್ಯಾಜ್ಯ. ಇಲ್ಲಿಗೆ ಪ್ರಶ್ನೆ ಮುಗಿಯಿತೆಂದು ತೋರುವುದು ಸಹಜ.

ಮತ್ತೊಂದು ಓದಿನಂತೆ, ಮಾವಿನ ಮರದ ಮೇಲಿನ ನವಿಲುಗಳನ್ನು ಬಿಟ್ಟು ವಾಸ್ತವವಾಗಿ ಉಳಿದ ನವಿಲುಗಳೇ ಶೇಷ. ಇದಕ್ಕೆ ಮಹಾವೀರನ ಸೂತ್ರವನ್ನು ಎರಡು ಸಲ ಪ್ರಯೋಗಿಸಬೇಕು. ಛೇದ ೮೧, ಅದರಲ್ಲಿ ದೃಶ್ಯವಾದ ಹದಿನಾಲ್ಕರ ನಾಲ್ಮಡಿ ೫೬ನ್ನು ಕಳೆದರೆ ೨೫, ಅದನ್ನು ೮೧ರಿಂದ ಗುಣಿಸಿದರೆ ೨೦೨೫, ಅದರ ವರ್ಗಮೂಲ ೪೫. ೮೧ಕ್ಕೆ ೪೫ನ್ನು ಕೂಡಿಸಿ ಅರ್ಧಿಸಿದರೆ ೬೩. ಕಳೆದು ಅರ್ಧಿಸಿದರೆ ೧೮. ಶೇಷವು ೬೩ ಎಂದು ಹಿಡಿದು ಮುಂದುವರಿದರೆ, ಛೇದ ೨೫೬, ೬೩ರ ನಾಲ್ಮಡಿ ೨೫೨ನ್ನು ಕಳೆದರೆ ೪, ೨೫೬ರಿಂದ ಗುಣಿಸಿದರೆ ೧೦೨೪, ವರ್ಗಮೂಲ ೩೨. ಒಟ್ಟು ನವಿಲುಗಳು ೧೪೪, ಇಲ್ಲವೆ ೧೧೨. ಶೇಷವು ೧೮ ಎಂದು ಹಿಡಿದರೆ ವರ್ಗಮೂಲವೇ ದೊರೆಯದು. ತಾಳೆ ನೋಡಿದರೆ, ೧೪೪ರಲ್ಲಿ ಒಂಬತ್ತರ ವರ್ಗ ೮೧ ಹೋಗಿ ೬೩. ೧೧೨ರಲ್ಲಿ ಏಳರ ವರ್ಗ ೪೯ ಹೋಗಿ ೬೩. ಈ ೬೩ರಲ್ಲಿ ಏಳರ ವರ್ಗ ೪೯ ಹೋಗಿ ೧೪. ಎರಡೂ ನಿರ್ದುಷ್ಟ.

ಹೀಗೆ ಒಂದೇ ಶ್ಲೋಕದ ಒಂದೇ ಮಾತಿನ ಎರಡು ಅರ್ಥಗಳಿಂದ ೪೮ ಒಂದು ಕಡೆ, ೧೪೪ ಮತ್ತು ೧೧೨ ಮತ್ತೊಂದು ಕಡೆ ಬರುತ್ತವೆ. ಮೂರೂ ಪೂರ್ಣಾಂಕಗಳು. ಪೂರ್ಣಾಂಕತ್ವವೆಂಬ ಒರೆಗಲ್ಲು ಇಲ್ಲಿ ಮೂಕವಾಗುತ್ತದೆ. ಗಣಿತವು ತನ್ನ ಕೆಲಸವನ್ನು ಮುಗಿಸಿ ಕೈಕಟ್ಟಿ ನಿಲ್ಲುತ್ತದೆ. ಮೀಮಾಂಸಕರು ಹೇಳುವ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಪ್ರಮಾಣಗಳಿಗೆ ಇಂಥ ಕಡೆಯೇ ಅವಕಾಶ.

ಮೊದಲನೆಯದಾಗಿ ಶಬ್ದದ ನೇರವಾದ ಅರ್ಥವನ್ನೇ ನೋಡಿದರೆ, ೪೮ ಎಂಬ ಓದಿನಲ್ಲಿ ಮಾವಿನ ಮರದ ಮೇಲೆ ಒಂಬತ್ತು ನವಿಲುಗಳಿರುವಾಗ ಉಳಿದುದು ೩೯. ಆ ಓದು ೪೫ನ್ನು ಶೇಷವೆಂದು ಕರೆಯುತ್ತದೆ. ಭಾಗವನ್ನೇ ಕಳೆಯುವ ಶೇಷಜಾತಿಯ ಲೆಕ್ಕಗಳಲ್ಲಿ ಹದಿನೈದು ಭಾಗಗಳು ಉಳಿಯುವುದು ನ್ಯಾಯ. ಇಲ್ಲಿ ಕಳೆದುದು ಭಾಗವಲ್ಲ, ಭಾಗದ ವರ್ಗ. ಎರಡನೆಯದಾಗಿ ಪ್ರಕರಣ. ಇದೇ ಜಾತಿಯಲ್ಲಿ ಕಂಬವೊಂದರ ಉದಾಹರಣೆಯಿದೆ. ಕಂಬದ ಹನ್ನೆರಡನೆಯ ಒಂದು ಭಾಗವನ್ನು ಮೂವತ್ತನೆಯ ಒಂದು ಭಾಗದಿಂದ ಗುಣಿಸಿದಷ್ಟು ನೀರಿನಲ್ಲಿ. ಉಳಿದುದರ ಇಪ್ಪತ್ತನೆಯ ಒಂದು ಭಾಗವನ್ನು ಅದರ ಹದಿನಾರರಲ್ಲಿ ಮೂರು ಭಾಗದಿಂದ ಗುಣಿಸಿದಷ್ಟು ಕೆಸರಿನಲ್ಲಿ. ಇಪ್ಪತ್ತು ಹಸ್ತ ಗಾಳಿಯಲ್ಲಿ. ಇಲ್ಲಿ ಹನ್ನೆರಡನೆಯ ಭಾಗ, ಮೂವತ್ತನೆಯ ಭಾಗ ಎಂದು ಎರಡು ಭಾಗಗಳಿರುವುದರಿಂದ, "ಭಾಗವನ್ನು ಕಳೆದ ಶೇಷ" ಎಂಬ ಓದಿಗೆ ಆಧಾರವೇ ಇಲ್ಲ. ನೀರಿನ ಮೇಲೆ ವಾಸ್ತವವಾಗಿ ಉಳಿದ ಕಂಬವೇ ಶೇಷವಾಗಬೇಕು. ಹಾಗೆ ಹಿಡಿದರೆ ಶೇಷ ೮೦ ಹಸ್ತ, ಕಂಬ ೨೪೦ ಹಸ್ತ ಇಲ್ಲವೆ ೧೨೦ ಹಸ್ತ ಎಂದು ನಿಶ್ಶೇಷವಾಗಿ ಬರುವುದು. ಒಂದೇ ಜಾತಿಯ ಎರಡು ಉದಾಹರಣೆಗಳಲ್ಲಿ ಗ್ರಂಥಕಾರನು ಒಂದೇ ಮಾತನ್ನು ಎರಡು ಅರ್ಥದಲ್ಲಿ ಹೇಳಿದನೆಂದು ಕಲ್ಪಿಸುವುದಕ್ಕಿಂತ, ಒಂದೇ ಅರ್ಥವನ್ನು ಎರಡೆಡೆಗೂ ಹೊಂದಿಸುವುದು ಲಾಘವ. ಆದುದರಿಂದ ನವಿಲುಗಳು ೧೪೪ ಇಲ್ಲವೆ ೧೧೨ ಎಂಬ ಪಕ್ಷವೇ ಬಲವತ್ತರವೆಂದು ತೋರುವುದು. ೪೮ ಎಂಬ ಸಂಖ್ಯೆಯು ಸರಿಹೊಂದುವುದು ಮೋಹಕವಾದ ಆಕಸ್ಮಿಕ. ಲೆಕ್ಕ ಸರಿಹೋಯಿತೆಂಬುದರಿಂದ ಅರ್ಥವೂ ಸರಿಹೋಯಿತೆಂದು ಹೇಳಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ.

ಈಗ ಉಳಿದ ಪ್ರಶ್ನೆ, ೧೪೪ ಮತ್ತು ೧೧೨ ಎರಡೂ ನಿಂತಾಗ ಏನು ಮಾಡಬೇಕೆಂಬುದು. ಅಂಶವರ್ಗದ ಜಾತಿಯಲ್ಲಿಯೂ ಇದೇ ಸ್ಥಿತಿ. ಎಮ್ಮೆಗಳ ಹಿಂಡಿನ ಎಂಟನೆಯ ಒಂದು ಭಾಗದಲ್ಲಿ ಒಂದನ್ನು ಕಳೆದು ವರ್ಗಿಸಿದಷ್ಟು ಕಾಡಿನಲ್ಲಿ ಆಡುತ್ತಿದ್ದವು, ಹದಿನೈದು ಬೆಟ್ಟದ ಮೇಲೆ ಮೇಯುತ್ತಿದ್ದವು ಎಂಬಲ್ಲಿ ೧೬ ಮತ್ತು ೬೪ ಎರಡೂ ಬರುತ್ತವೆ. ಆನೆಗಳ ಹಿಂಡಿನ ಹತ್ತನೆಯ ಒಂದು ಭಾಗದಲ್ಲಿ ಎರಡನ್ನು ಕಳೆದು ವರ್ಗಿಸಿದಷ್ಟು ಸಲ್ಲಕೀವನದಲ್ಲಿ, ಆರರ ವರ್ಗದಷ್ಟು ಬೆಟ್ಟದಲ್ಲಿ ಎಂಬಲ್ಲಿ ೪೦ ಮತ್ತು ೧೦೦ ಎರಡೂ ಸಲ್ಲುತ್ತವೆ. ಹದಿನಾರು ಎಮ್ಮೆಗಳ ಪಕ್ಷದಲ್ಲಿ ಕಾಡಿನಲ್ಲಿರುವುದು ಒಂದೇ ಎಮ್ಮೆ. ಒಂಟಿ ಎಮ್ಮೆಯ ಆಟವು ಅನುಚಿತವೆಂದು ಔಚಿತ್ಯದ ಬಲದಿಂದ ೬೪ನ್ನೇ ಹಿಡಿಯಬೇಕೆಂದು ರಸಿಕರು ಹೇಳಬಹುದು. ಆದರೆ ಆನೆಗಳಲ್ಲಿ ಈ ಯುಕ್ತಿ ನಡೆಯದು. ನಾಲ್ಕು ಆನೆಗಳೂ ವನದಲ್ಲಿರಬಹುದು, ಅರುವತ್ತನಾಲ್ಕೂ ಇರಬಹುದು. ಒಂದೆಡೆ ನಡೆದು ಮತ್ತೊಂದೆಡೆ ನಡೆಯದ ಯುಕ್ತಿಯನ್ನು ನಿಯಮವೆನ್ನಲಾಗದು.

ಎರಡು ಉತ್ತರವುಳ್ಳ ಪ್ರಶ್ನೆಯು ದುಷ್ಟಪ್ರಶ್ನೆಯಲ್ಲವೇ ಎಂಬ ಆಕ್ಷೇಪ ಬರಬಹುದು. ಇದಕ್ಕೆ ಸಮಾಧಾನವೇನೆಂದರೆ, ಮಹಾವೀರನ ಸೂತ್ರವೇ ವರ್ಗಮೂಲವನ್ನು ಕೂಡಿಸಿಯೂ ಕಳೆದೂ ಎರಡು ಬೆಲೆಗಳನ್ನು ಪಡೆಯಲು ವಿಧಿಸುತ್ತದೆ. ಆದುದರಿಂದ ಅವನು ಎರಡನ್ನೂ ಅರಿತೇ ಕೇಳಿದನೆನ್ನಬೇಕು. ಅವನಲ್ಲಿ ಕೊರತೆಯೆಂದು ಹೇಳಬೇಕಾದುದು ಬೇರೆ. ಎರಡರಲ್ಲಿ ಒಂದನ್ನು ಬಿಡಬೇಕಾದ ಸಂದರ್ಭ ಯಾವುದು, ಎರಡನ್ನೂ ಹಿಡಿಯಬೇಕಾದುದು ಯಾವುದು ಎಂಬ ವಿವೇಚನೆಯನ್ನು ಅವನು ಓದುಗನಿಗೆ ಬಿಟ್ಟಿದ್ದಾನೆ.

ಈ ವಿವೇಚನೆಯನ್ನು ತೆರೆದು ತೋರಿಸಿದವನು ಭಾಸ್ಕರಾಚಾರ್ಯ. ೧೧೫೦ರ ಸಿದ್ಧಾಂತಶಿರೋಮಣಿಯ ಅಂಗವಾದ ಅವನ ಬೀಜಗಣಿತದಲ್ಲಿ ಕೋತಿಗಳ ಎರಡು ಉದಾಹರಣೆಗಳಿವೆ. ಒಂದರಲ್ಲಿ ಗುಂಪಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಾಡಿನಲ್ಲಿ, ಹನ್ನೆರಡು ಬೆಟ್ಟದಲ್ಲಿ. ಉತ್ತರ ೪೮ ಮತ್ತು ೧೬, ಎರಡೂ ಗ್ರಾಹ್ಯ. ಮತ್ತೊಂದರಲ್ಲಿ ಗುಂಪಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು ವರ್ಗಿಸಿದಷ್ಟು ಗುಹೆಗೆ ಹೋದವು, ಒಂದು ಕೊಂಬೆಯ ಮೇಲೆ ಕಂಡಿತು. ೫೦ ಮತ್ತು ೫ ಬರುವುವು. ಇವುಗಳಲ್ಲಿ ೫ ಅನುಪಪನ್ನವಾದುದರಿಂದ ಬಿಡಬೇಕೆಂದೂ, ವ್ಯಕ್ತವಾದ ಸಂಖ್ಯೆಯು ಋಣವಾದಾಗ ಲೋಕಕ್ಕೆ ಅದರಲ್ಲಿ ನಂಬಿಕೆಯಿಲ್ಲವೆಂದೂ ಅವನ ಅಭಿಪ್ರಾಯ.

ಆಚಾರ್ಯನ ನಿರ್ಣಯವು ಸರಿ. ಕೊಟ್ಟ ಕಾರಣವು ಮಾತ್ರ ಇನ್ನಷ್ಟು ವಿಶದವಾಗಬೇಕು. ಕೋತಿಗಳು ಐದಾದರೆ ಗುಹೆಯಲ್ಲಿ ನಾಲ್ಕು, ಕೊಂಬೆಯ ಮೇಲೆ ಒಂದು. ಋಣವಾದ ಕೋತಿ ಎಲ್ಲಿಯೂ ಇಲ್ಲ. ಐದರ ಐದನೆಯ ಒಂದು ಭಾಗವಾದ ಒಂದರಲ್ಲಿ ಮೂರನ್ನು ಕಳೆಯುವ ನಡುವಣ ಹೆಜ್ಜೆಯಲ್ಲಿ ಮಾತ್ರ ಋಣ ೨ ಬರುತ್ತದೆ. ವರ್ಗಿಸಿದೊಡನೆ ಅದು ಮರೆಯಾಗುತ್ತದೆ. ಹಾಗಾದರೆ ೫ ಬಿದ್ದುಹೋದುದು ಕೋತಿಗಳ ಸ್ವಭಾವದಿಂದಲ್ಲ, "ಭಾಗದಲ್ಲಿ ಮೂರನ್ನು ಕಳೆದು" ಎಂಬ ಮಾತಿನಿಂದ. ಇದು ವಸ್ತುನಿರ್ಣಯವಲ್ಲ, ವಾಕ್ಯನಿರ್ಣಯ. ಪ್ರಶ್ನೆಯನ್ನು "ಮೂರರಲ್ಲಿ ಭಾಗವನ್ನು ಕಳೆದು" ಎಂದು ತಿರುಗಿಸಿದರೆ ಸಮೀಕರಣದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ, ಏಕೆಂದರೆ ಋಣದ ವರ್ಗವೂ ಧನದ ವರ್ಗವೂ ಒಂದೇ. ಆದರೆ ಉತ್ತರವು ಬದಲಾಗಿ, ೫ ಗ್ರಾಹ್ಯವಾಗಿ ೫೦ ತ್ಯಾಜ್ಯವಾಗುತ್ತದೆ. ಮುತ್ತಿನಕೊಪ್ಪದ ತೋಟದಲ್ಲಿ "ಹೆಚ್ಚು", "ಕಡಿಮೆ" ಎಂಬ ಮಾತುಗಳಿಗೆ ೨೨ ಮತ್ತು ೨೯ ಸೇರಿದಂತೆಯೇ ಇಲ್ಲಿಯೂ. ಮಹಾವೀರನ ಎಮ್ಮೆಗಳಲ್ಲಿಯೂ ಆನೆಗಳಲ್ಲಿಯೂ ಎರಡು ಬೆಲೆಗಳೂ ಉಳಿದುದಕ್ಕೆ ಕಾರಣವೂ ಇದೇ. ೧೬ರ ಎಂಟನೆಯ ಒಂದು ಭಾಗ ೨, ಅದರಲ್ಲಿ ಒಂದನ್ನು ಕಳೆಯಬಹುದು. ೪೦ರ ಹತ್ತನೆಯ ಒಂದು ಭಾಗ ೪, ಅದರಲ್ಲಿ ಎರಡನ್ನು ಕಳೆಯಬಹುದು. ಮಾತು ಎಲ್ಲಿಯೂ ಮುರಿಯುವುದಿಲ್ಲ.

ಇದರಿಂದ ಅನುವಾದಕರಿಗೂ ಅಧ್ಯಾಪಕರಿಗೂ ಬರುವ ಹೊಣೆ ಸಣ್ಣದಲ್ಲ. ಭಾಸ್ಕರನ ಪ್ರಶ್ನೆಯನ್ನು ಕನ್ನಡಕ್ಕೆ ತರುವವರು "ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು" ಎಂದರೆ ಉತ್ತರ ೫೦. "ಮೂರರಲ್ಲಿ ಐದನೆಯ ಒಂದು ಭಾಗವನ್ನು ಕಳೆದು" ಎಂದರೆ ೫. "ಐದನೆಯ ಒಂದು ಭಾಗಕ್ಕೂ ಮೂರಕ್ಕೂ ಇರುವ ಅಂತರ" ಎಂದು ಸುಖವಾಗಿ ಬರೆದುಬಿಟ್ಟರೆ ಎರಡೂ ಸಲ್ಲುತ್ತವೆ. ಆಚಾರ್ಯನು ಬಿಟ್ಟುದನ್ನು ಅನುವಾದಕನು ಒಳಗೆ ಕರೆದಂತಾಗುತ್ತದೆ. ಮೂರು ವಾಕ್ಯಗಳಿಗೂ ಸಮೀಕರಣವೊಂದೇ. ಸಮೀಕರಣವನ್ನು ಮಾತ್ರ ಒಪ್ಪಿಸಿ ಶ್ಲೋಕವನ್ನು ಬಿಸುಟರೆ ನಷ್ಟವಾಗುವುದು ಅಲಂಕಾರವಲ್ಲ, ಉತ್ತರವೇ.

ಕನ್ನಡಕ್ಕೆ ಈ ಬಗೆಯ ಎಚ್ಚರ ಹೊಸದಾಗಿ ಬರಬೇಕಾದುದಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದವುಗಳನ್ನು ಕನ್ನಡದಲ್ಲಿ ರಚಿಸಿ, ಸೂತ್ರಕ್ಕೂ ಉದಾಹರಣೆಗೂ ತಕ್ಕ ನುಡಿಯನ್ನು ಹದಗೊಳಿಸಿದನು. ಆ ಗ್ರಂಥಗಳನ್ನೂ ವಲ್ಲಭನ ಟೀಕೆಯನ್ನೂ ಗಣಿತಜ್ಞರು ಸಂಖ್ಯೆಗಾಗಿ ಓದುವಂತೆ, ಸಾಹಿತ್ಯದ ಅಧ್ಯಾಪಕರು ವಿಭಕ್ತಿಗಾಗಿ, ಅನ್ವಯಕ್ಕಾಗಿ, "ಊನ", "ಶೇಷ", "ಅಧಿಕ" ಎಂಬ ಮಾತುಗಳ ಪ್ರಯೋಗಕ್ಕಾಗಿ ಓದಬೇಕು. ಕವಿರಾಜಮಾರ್ಗವನ್ನು ಪಾಠ ಹೇಳುವ ಕೊಠಡಿಯಲ್ಲಿ ಒಂದು ಗಂಟೆಯನ್ನು ಈ ನವಿಲುಗಳಿಗೆ ಮೀಸಲಿಟ್ಟರೆ ವ್ಯರ್ಥವಾಗದು. ನೂರ ನಲವತ್ತನಾಲ್ಕೋ, ನೂರ ಹನ್ನೆರಡೋ, ನಲವತ್ತೆಂಟೋ ಎಂಬ ವಾದದಲ್ಲಿ, ಒಂದು ಮಾತಿನ ಅರ್ಥಕ್ಕೆ ಎಷ್ಟು ತೂಕವಿದೆಯೆಂಬುದನ್ನು ವಿದ್ಯಾರ್ಥಿಗಳು ಎಣಿಸಿಯೇ ತಿಳಿದಾರು.